ಹೊಲ ಒಂದು, ಸಾಲು ಎರಡು: ಕಂಪ್ಯೂಟರ್ ನಿಮ್ಮ ಉತಾರವನ್ನ ಹೇಗೆ ಓದುತ್ತೆ?

ಪಾಡ್‌ಕಾಸ್ಟ್ ಪಠ್ಯ: ಕೋಡಿಂಗ್ ಕಲಿಯುತ್ತಿರುವ ಕೇಳುಗರಿಗಾಗಿ ಮಾಡಿದ ಮಾತಿನ ಬರಹರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರಿಗೆ ಇವತ್ತಿನ ಉದಾಹರಣೆ ಸ್ವಲ್ಪ ಹೆಚ್ಚೇ ಹತ್ತಿರ ಅನ್ನಿಸಬಹುದು.

ಇವತ್ತಿನ ವಿಷಯ ಸ್ಟ್ರಿಂಗ್. ಅಂದ್ರೆ ಅಕ್ಷರಗಳ ಒಂದು ಸರ. ಪ್ರೋಗ್ರಾಮಿಂಗ್ ಕಲಿಯೋಕೆ ಶುರು ಮಾಡಿದ ಮೊದಲ ದಿನವೇ ಇದು ಬರುತ್ತೆ. ಆದ್ರೆ ನಾನು ಕೇಳ್ತಿರೋ ಪ್ರಶ್ನೆ ಎರಡನೇ ತಿಂಗಳದ್ದು. ಪ್ರೋಗ್ರಾಮ್‌ನೊಳಗೆ ಇರೋ ಒಂದು ವಸ್ತು, ನಾವು ಆಬ್ಜೆಕ್ಟ್ ಅಂತೀವಲ್ಲ, ಅದನ್ನ ಅಕ್ಷರದ ಸಾಲು ಮಾಡಿ ಹೊರಗೆ ತರೋದು ಹೇಗೆ? ತಂದ ಮೇಲೆ ಅದೇ ಸಾಲಿನಿಂದ ಮತ್ತೆ ಅದೇ ಆಬ್ಜೆಕ್ಟ್ ವಾಪಸ್ ಸಿಗುತ್ತಾ? ಈ ಎರಡನೇ ಪ್ರಶ್ನೆಯನ್ನ ನೆನಪಿಟ್ಕೊಳ್ರಿ. ಇವತ್ತಿನ ಇಡೀ ಮಾತು ಅದರ ಮೇಲೇ ನಿಂತಿದೆ.

ಹೊಲ ಮತ್ತು ಉತಾರ

ಭೀಮಾ ನದಿ ದಂಡೆಯ ಅಗರಖೇಡ ತಗೊಳ್ಳೋಣ. ಇಂಡಿ ತಾಲ್ಲೂಕಿನ ಊರು. ಅಲ್ಲೊಂದು ಹೊಲ. ಅದಕ್ಕೆ ಎರೆ ಮಣ್ಣಿದೆ, ಬದು ಇದೆ, ಒಂದು ಮೂಲೆಯಲ್ಲಿ ಬೇವಿನ ಗಿಡ ಇದೆ, ಒಂದು ಪಟ್ಟಿಯಲ್ಲಿ ಲಿಂಬೆ, ಇನ್ನೊಂದು ಕಡೆ ತೊಗರಿ. ಮಳೆ ಬಂದಾಗ ಯಾವ ಕಡೆಯಿಂದ ನೀರು ಹರಿಯುತ್ತೆ ಅಂತ ಮನೆಯ ಹಿರಿಯರಿಗೆ ಗೊತ್ತು. ಇದು ವಸ್ತು.

ಈಗ ಅದೇ ಹೊಲದ ಉತಾರ ತಗೀರಿ. ಬೆಂಗಳೂರು, ಮೈಸೂರು ಕಡೆ ಪಹಣಿ ಅಂತಾರೆ, ಇಂಗ್ಲಿಷ್‌ನಲ್ಲಿ ಆರ್‌ಟಿಸಿ. ಹಕ್ಕು, ಗೇಣಿ, ಬೆಳೆ ಈ ಮೂರರ ದಾಖಲೆ. ಅದರಲ್ಲಿ ಊರಿನ ಹೆಸರು, ಸರ್ವೆ ನಂಬರ್, ಹಿಸ್ಸಾ, ಎಷ್ಟು ಎಕರೆ ಎಷ್ಟು ಗುಂಟೆ, ಖರಾಬ್ ಎಷ್ಟು, ಯಾರ ಹೆಸರಲ್ಲಿದೆ, ಏನು ಬೆಳೆ, ಇವೆಲ್ಲ ಇರುತ್ತೆ. ಬೇವಿನ ಗಿಡ ಇಲ್ಲ. ನೀರು ಹರಿಯೋ ದಿಕ್ಕು ಇಲ್ಲ. ಹೊಲದ ಆಕಾರ ಕೂಡ ಇಲ್ಲ, ಅದಕ್ಕೆ ಬೇರೆ ನಕಾಶೆ ತೆಗೆಸಬೇಕು.

ಇದನ್ನ ಕೊರತೆ ಅಂತ ಹೇಳ್ತಿಲ್ಲ. ಯಾವುದೇ ವಸ್ತುವನ್ನ ಬರಹಕ್ಕೆ ಇಳಿಸಿದಾಗ ಕೆಲವು ಉಳಿಯುತ್ತೆ, ಕೆಲವು ಬಿಟ್ಟುಹೋಗುತ್ತೆ. ಏನು ಉಳೀಬೇಕು ಅಂತ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರ್ತಾರೆ. ಕರ್ನಾಟಕದಲ್ಲಿ ಈ ತೀರ್ಮಾನ ದೊಡ್ಡ ಪ್ರಮಾಣದಲ್ಲಿ ಕಂಪ್ಯೂಟರ್‌ಗೆ ಬಂದಿದ್ದು ಭೂಮಿ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಉತಾರಗಳನ್ನ ಕಂಪ್ಯೂಟರ್‌ಗೆ ಏರಿಸಿದರು. ತಲಾಠಿಗಳ ಕೈಬರಹದ ಪುಸ್ತಕ ಹೋಗಿ, ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಿಂದ ಪ್ರಿಂಟ್ ಬರೋಕೆ ಶುರುವಾಯ್ತು. ಇವತ್ತು ಅದೇ ಉತಾರ ನಿಮ್ಮ ಮೊಬೈಲ್‌ನಲ್ಲೇ ಸಿಗುತ್ತೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಮುಂದೆ ನಾನು ಹೇಳೋ ತಪ್ಪುಗಳು ಭೂಮಿ ತಂತ್ರಾಂಶದ್ದಲ್ಲ. ನಾಳೆ ನೀವು ನಿಮ್ಮೂರಿನ ಸೊಸೈಟಿಗೋ, ರೈತರ ಗುಂಪಿಗೋ, ಕಾಲೇಜು ಪ್ರಾಜೆಕ್ಟ್‌ಗೋ ಒಂದು ಚಿಕ್ಕ ಪ್ರೋಗ್ರಾಮ್ ಬರೀತೀರಲ್ಲ, ಅಲ್ಲಿ ಆಗೋವು.

ಏನೂ ಹೇಳದಿದ್ರೆ ಕಂಪ್ಯೂಟರ್ ಏನು ಬರೆಯುತ್ತೆ?

ಪೈಥಾನ್‌ನಲ್ಲಿ 'ಹೊಲ' ಅನ್ನೋ ಒಂದು ಕ್ಲಾಸ್ ಬರೀರಿ. ಕನ್ನಡದಲ್ಲೇ ಹೆಸರಿಡಬಹುದು, ಪೈಥಾನ್ 3 ಅದನ್ನ ಒಪ್ಪುತ್ತೆ. ಅದರೊಳಗೆ ಊರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಇಡ್ರಿ. ಒಂದು ಆಬ್ಜೆಕ್ಟ್ ಮಾಡಿ ಪ್ರಿಂಟ್ ಕೊಡ್ರಿ. ಏನು ಬರುತ್ತೆ ಗೊತ್ತಾ? 'ಹೊಲ' ಜಾತಿಯ ಒಂದು ಆಬ್ಜೆಕ್ಟ್, ಮೆಮೊರಿಯಲ್ಲಿ ಇಂಥ ವಿಳಾಸದಲ್ಲಿದೆ ಅಂತ ಬರುತ್ತೆ. ಮುಂದೆ ಉದ್ದದ ಒಂದು ಸಂಖ್ಯೆ. ಊರೂ ಇಲ್ಲ, ಎಕರೆನೂ ಇಲ್ಲ.

ಜಾವಾದಲ್ಲಿ ಮಾಡಿದ್ರೆ? ಕ್ಲಾಸಿನ ಹೆಸರು, ಆಮೇಲೆ ಇಮೇಲ್‌ನಲ್ಲಿ ಬರೋ ಅಟ್ ಚಿಹ್ನೆ, ಅದರ ಮುಂದೆ ಹ್ಯಾಶ್ ಕೋಡ್ ಅನ್ನೋ ಒಂದಿಷ್ಟು ಅಂಕಿ ಮತ್ತು ಅಕ್ಷರ. ಜಾವಾಸ್ಕ್ರಿಪ್ಟ್ ಇನ್ನೂ ಚೆನ್ನ. ಆಬ್ಜೆಕ್ಟನ್ನ ಯಾವುದಾದರೂ ಮಾತಿಗೆ ಜೋಡಿಸಿದರೆ 'ಆಬ್ಜೆಕ್ಟ್ ಆಬ್ಜೆಕ್ಟ್' ಅಂತ ಎರಡು ಸಲ ಹೇಳಿ ಸುಮ್ಮನಾಗುತ್ತೆ. ಯಾವುದೋ ವೆಬ್‌ಸೈಟ್‌ನಲ್ಲಿ ಹೆಸರು ಇರಬೇಕಾದ ಜಾಗದಲ್ಲಿ ಚೌಕ ಬ್ರಾಕೆಟ್ ಒಳಗೆ ಈ ಎರಡು ಪದ ನೀವೂ ನೋಡಿರ್ತೀರಿ. ಅಲ್ಲಿ ಪ್ರೋಗ್ರಾಮ್ ಬರೆದವರು ಆಬ್ಜೆಕ್ಟನ್ನ ಅಕ್ಷರ ಮಾಡೋದು ಹೇಗೆ ಅಂತ ಹೇಳಿಕೊಟ್ಟಿಲ್ಲ ಅಂತ ಅರ್ಥ.

ಕಂಪ್ಯೂಟರ್ ತಪ್ಪು ಮಾಡಿಲ್ಲ. ಹೊಲದಲ್ಲಿ ಯಾವುದು ಮುಖ್ಯ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು.

ಓದೋರು ಇಬ್ಬರು

ಹೇಳೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ರಿ. ಈ ಸಾಲನ್ನ ಓದೋರು ಯಾರು?

ರೈತರ ಮೊಬೈಲ್‌ಗೆ ಮೆಸೇಜ್ ಹೋಗುತ್ತೆ ಅಂದ್ಕೊಳ್ರಿ. ಅವರಿಗೆ ಹೀಗೆ ಕಂಡ್ರೆ ಸಾಕು: 'ಅಗರಖೇಡ, ಸರ್ವೆ ನಂಬರ್ 112/3, 2 ಎಕರೆ 20 ಗುಂಟೆ'. ನಂಬರ್ ಸುಮ್ಮನೆ ಉದಾಹರಣೆಗೆ ಹಾಕಿದ್ದು. ಇದು ಕಣ್ಣಿಗಾಗಿ ಬರೆದ ಸಾಲು. ಪೈಥಾನ್‌ನಲ್ಲಿ ಇದಕ್ಕೆ ಎಸ್‌ಟಿಆರ್, ಅಂದ್ರೆ ಸ್ಟರ್ ಅನ್ನೋ ಮೆಥಡ್ ಇದೆ. ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್ ಹಾಕಿ ಬರೀಬೇಕು.

ಈಗ ನಿಮ್ಮ ಪ್ರೋಗ್ರಾಮ್ ರಾತ್ರಿ ಎರಡು ಗಂಟೆಗೆ ಕೆಟ್ಟು ನಿಂತಿದೆ ಅಂದ್ಕೊಳ್ರಿ. ಬೆಳಿಗ್ಗೆ ಎದ್ದು ಲಾಗ್ ತೆಗೆದು ನೋಡೋರು ನೀವೇ. ನಿಮಗೆ ಚಂದದ ವಾಕ್ಯ ಬೇಡ. ಸರ್ವೆ ನಂಬರ್ ಸಂಖ್ಯೆಯಾಗಿ ಕೂತಿದೆಯೋ ಅಕ್ಷರವಾಗಿ ಕೂತಿದೆಯೋ, ಊರಿನ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಸೇರ್ಕೊಂಡಿದೆಯೋ, ಇದು ಗೊತ್ತಾಗಬೇಕು. ಅದಕ್ಕೆ ಬರೆಯೋ ಸಾಲು ಹೀಗಿರುತ್ತೆ: ಹೊಲ(ಊರು='ಅಗರಖೇಡ', ಸರ್ವೆ='112', ಹಿಸ್ಸಾ='3', ಗುಂಟೆ=100). ಇದನ್ನ ಹಾಗೇ ನಕಲು ಮಾಡಿ ಪೈಥಾನ್‌ಗೆ ಕೊಟ್ರೆ ಅದೇ ಹೊಲ ಮತ್ತೆ ಹುಟ್ಟಬೇಕು. ಇದರ ಮೆಥಡ್ ರೆಪ್ರ್. ಆರ್, ಇ, ಪಿ, ಆರ್ ಅಂತ ಟೈಪ್ ಮಾಡ್ಬೇಕು. ಸಾಧ್ಯ ಇದ್ದಲ್ಲೆಲ್ಲ ರೆಪ್ರ್ ಕೊಡೋ ಸಾಲಿನಿಂದ ಅದೇ ಬೆಲೆಯ ಆಬ್ಜೆಕ್ಟ್ ಮತ್ತೆ ಕಟ್ಟೋಕೆ ಬರಬೇಕು ಅನ್ನೋದು ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲೇ ಇರೋ ಮಾತು.

ಗುಂಟೆ ಅಂದಲ್ಲಿ 100 ಯಾಕೆ ಅಂತೀರಾ? ಸ್ವಲ್ಪ ತಡೀರಿ, ಅಲ್ಲಿಗೇ ಬರ್ತೀನಿ.

ಒಟ್ಟಿನಲ್ಲಿ ಹೊಲ ಒಂದೇ, ಸಾಲು ಎರಡು. ಒಂದು ಕಣ್ಣಿಗೆ, ಒಂದು ವಾಪಸ್ ಕಟ್ಟೋಕೆ. ತೊಂದ್ರೆ ಆಗೋದು ಕಣ್ಣಿಗೆ ಬರೆದ ಸಾಲನ್ನ ವಾಪಸ್ ಕಟ್ಟೋಕೆ ಬಳಸಿದಾಗ.

ಸಣ್ಣದೊಂದು ಟಿಪ್ಸ್. ಪೈಥಾನ್‌ನಲ್ಲಿ ಎರಡರಲ್ಲಿ ಒಂದನ್ನೇ ಬರೆಯೋಕೆ ಟೈಮ್ ಇದ್ರೆ ರೆಪ್ರ್ ಬರೀರಿ. ಸ್ಟರ್ ಇಲ್ಲದಿದ್ರೆ ಪೈಥಾನ್ ರೆಪ್ರ್ ಅನ್ನೇ ಬಳಸುತ್ತೆ, ತಿರುಗಾಮುರುಗಾ ನಡೆಯಲ್ಲ. ಹತ್ತು ಹೊಲ ಇರೋ ಲಿಸ್ಟನ್ನ ಪ್ರಿಂಟ್ ಮಾಡಿದ್ರೂ ಒಳಗಿನ ಹೊಲಗಳು ರೆಪ್ರ್ ರೂಪದಲ್ಲೇ ಕಾಣಿಸ್ಕೊಳ್ಳೋದು. ಬರೆಯೋಕೆ ಬೇಜಾರಾ? ಡೇಟಾಕ್ಲಾಸ್ ಬಳಸ್ರಿ. 2018ರ ಪೈಥಾನ್ 3.7ರಿಂದ ಅದು ರೆಪ್ರ್ ತಾನೇ ಬರೆದುಕೊಡುತ್ತೆ. ಜಾವಾದ ರೆಕಾರ್ಡ್‌ಗಳೂ ಟು-ಸ್ಟ್ರಿಂಗ್ ತಾವೇ ಬರೆದುಕೊಡ್ತವೆ.

ಒಂದು ಚುಕ್ಕಿ, ಹನ್ನೆರಡು ಗುಂಟೆ

ಈಗ ಆ 100ರ ವಿಷಯ. ಇದೇ ಇವತ್ತಿನ ಮುಖ್ಯ ಭಾಗ, ಸ್ವಲ್ಪ ಗಮನ ಕೊಡ್ರಿ.

ಒಂದು ಎಕರೆಗೆ 40 ಗುಂಟೆ. ಇದು ಹಳ್ಳಿಯ ಯಾವ ಹುಡುಗನನ್ನ ಕೇಳಿದ್ರೂ ಹೇಳ್ತಾನೆ. ಒಂದು ಗುಂಟೆಗೆ 16 ಆಣೆ. 2 ಎಕರೆ 20 ಗುಂಟೆಯನ್ನ ನಮ್ಮಲ್ಲಿ ನಡುವೆ ಚುಕ್ಕಿ ಇಟ್ಟು 2.20 ಅಂತ ಬರೆಯೋ ರೂಢಿ ಇದೆ. ಅದನ್ನ ನೋಡಿದ ರೈತರು ಎರಡೂವರೆ ಎಕರೆ ಅಂತಲೇ ಓದ್ತಾರೆ. ಸರಿಯಾಗೇ ಓದ್ತಾರೆ.

ಕಂಪ್ಯೂಟರ್‌ಗೆ ಆ ರೂಢಿ ಗೊತ್ತಿಲ್ಲ. ಅದು ಚುಕ್ಕಿ ಕಂಡ ಕೂಡಲೇ ದಶಮಾಂಶ ಅಂದುಕೊಳ್ಳುತ್ತೆ. ನೀವು ಆ ಸಾಲನ್ನ ಫ್ಲೋಟ್ ಮಾಡಿದ್ರಿ ಅಂದ್ರೆ 2.20 ಹೋಗಿ 2.2 ಆಯ್ತು. ಗಣಿತದಲ್ಲಿ ಎರಡೂ ಒಂದೇ, ಹೊಲದಲ್ಲಿ ಒಂದೇ ಅಲ್ಲ. ದಶಮಾಂಶದ ಲೆಕ್ಕದಲ್ಲಿ 2.2 ಎಕರೆ ಅಂದ್ರೆ 2 ಎಕರೆ 8 ಗುಂಟೆ. ಅಂದ್ರೆ 12 ಗುಂಟೆ ಮಾಯ. ಒಂದು ಗುಂಟೆಗೆ 1,089 ಚದರ ಅಡಿ. 12 ಗುಂಟೆಗೆ 13,068 ಚದರ ಅಡಿ. 30-40 ಅಳತೆಯ ಸೈಟ್ ಲೆಕ್ಕ ಹಿಡಿದ್ರೆ ಹತ್ತು ಸೈಟ್ ಮೀರುತ್ತೆ.

ಕಥೆ ಇಲ್ಲಿಗೆ ಮುಗೀಲಿಲ್ಲ. ನಿಮ್ಮ ಪ್ರೋಗ್ರಾಮ್ ಆ 2.2 ಅನ್ನ ಒಂದು ಫೈಲ್‌ಗೆ ಬರೀತು. ನಾಳೆ ಇನ್ನೊಬ್ಬರು ಆ ಫೈಲ್ ತೆಗೆದ್ರು. ಅವರಿಗೆ ಊರಿನ ರೂಢಿ ಗೊತ್ತು. 2.2 ಅಂದ್ರೆ 2 ಎಕರೆ 2 ಗುಂಟೆ ಅಂತ ಓದಿದ್ರು. ಈಗ 18 ಗುಂಟೆ ಹೋಯ್ತು. ಯಾರೂ ಮೋಸ ಮಾಡಿಲ್ಲ, ಯಾವ ಪ್ರೋಗ್ರಾಮೂ ಎರರ್ ತೋರಿಸಿಲ್ಲ. ಕೊನೆಯ ಒಂದು ಸೊನ್ನೆ ಉದುರಿದ್ದಷ್ಟೇ.

ಇದೇ ಸಾಲುಗಳ ಮೇಲೆ ಬೆಳೆ ವಿಮೆಯ ಲೆಕ್ಕ, ಸಾಲದ ಲೆಕ್ಕ, ಅಣ್ಣ ತಮ್ಮಂದಿರ ವಾಟ್ನಿ ಲೆಕ್ಕ ಎಲ್ಲ ನಡೆಯೋದು. ಹೊಲದ ಅಳತೆಗೆ ನಮ್ಮ ಕಡೆ ಎಂಥೆಂಥ ಜಗಳ ಆಗ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಪರಿಹಾರ ಸುಲಭ. ಪ್ರೋಗ್ರಾಮ್‌ನ ಒಳಗೆ ಚುಕ್ಕಿ ಇಡಲೇಬೇಡಿ. ಎಲ್ಲಾನೂ ಗುಂಟೆಗೆ ಇಳಿಸಿ ಪೂರ್ಣಾಂಕವಾಗಿ ಇಡ್ರಿ. 2 ಎಕರೆ 20 ಗುಂಟೆ ಅಂದ್ರೆ 100 ಗುಂಟೆ. ಆಣೆ ತನಕ ಬೇಕಾದ್ರೆ 1,600 ಆಣೆ. ಕೂಡಿಸ್ರಿ, ಕಳೀರಿ, ಪಾಲು ಮಾಡ್ರಿ, ಎಲ್ಲ ಆ ಸಂಖ್ಯೆ ಮೇಲೆ. ಮನುಷ್ಯರಿಗೆ ತೋರಿಸಬೇಕಾದ ಕೊನೇ ಗಳಿಗೆಯಲ್ಲಿ ಮಾತ್ರ ಅದನ್ನ '2 ಎಕರೆ 20 ಗುಂಟೆ' ಅನ್ನೋ ಸಾಲು ಮಾಡ್ರಿ. ಆಗಲೂ ಚುಕ್ಕಿ ಬೇಡ, ಪದ ಬರೀರಿ. ದುಡ್ಡಿನ ಲೆಕ್ಕ ಇಡೋ ಪ್ರೋಗ್ರಾಮ್‌ಗಳಲ್ಲಿ ರೂಪಾಯಿ ಬದಲು ಪೈಸೆಯಲ್ಲಿ ಇಡ್ತಾರಲ್ಲ, ಅದೇ ಉಪಾಯ ಇದು.

ಓರೆಗೆರೆಯ ಆಟ

ಚುಕ್ಕಿ ಆಯ್ತು, ಈಗ ಓರೆಗೆರೆ, ಸ್ಲ್ಯಾಶ್. ಸರ್ವೆ ನಂಬರ್ 5, ಹಿಸ್ಸಾ 2. ಬರೆಯೋದು 5/2. ಇದನ್ನ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ ನೋಡ್ರಿ. ಹೊಲ ಹೋಗಿ ತಾರೀಖು ಬರುತ್ತೆ. ಫೋನ್ ಅಥವಾ ಕಂಪ್ಯೂಟರ್ ಭಾರತದ ಸೆಟ್ಟಿಂಗ್‌ನಲ್ಲಿದ್ರೆ ಫೆಬ್ರವರಿ 5, ಅಮೆರಿಕದ ಸೆಟ್ಟಿಂಗ್‌ನಲ್ಲಿದ್ರೆ ಮೇ 2. 'ಅಯ್ಯೋ' ಅಂತ ಆಮೇಲೆ ಆ ಕಾಲಮ್ಮನ್ನ ಟೆಕ್ಸ್ಟ್ ಅಂತ ಬದಲಾಯಿಸಿದ್ರೆ 5/2 ವಾಪಸ್ ಬರಲ್ಲ. ಐದಂಕಿಯ ಒಂದು ಸಂಖ್ಯೆ ಬರುತ್ತೆ. ಎಕ್ಸೆಲ್ ತಾರೀಖನ್ನ ಒಳಗೆ ದಿನಗಳ ಎಣಿಕೆಯಾಗಿ ಇಟ್ಟಿರುತ್ತೆ, ಅದು ಆ ಎಣಿಕೆ.

ಇದರಲ್ಲಿ ಕೆಟ್ಟದ್ದೇನು ಗೊತ್ತಾ? ಎಲ್ಲಾ ಸಾಲೂ ಕೆಡಲ್ಲ. 112/3 ಅನ್ನೋದು ಯಾವ ತಾರೀಖೂ ಆಗೋಕೆ ಬರಲ್ಲ, ಹಾಗಾಗಿ ಅದು ಸುರಕ್ಷಿತ. 12/3 ತಾರೀಖು ಆಗುತ್ತೆ. ಐನೂರು ಸಾಲಿನ ಪಟ್ಟಿಯಲ್ಲಿ ಮೊದಲ ಸ್ಕ್ರೀನ್ ನೋಡಿ ಎಲ್ಲ ಸರಿ ಇದೆ ಅಂದ್ಕೋತೀವಿ. ಕೆಳಗೆಲ್ಲೋ ನಾಲ್ಕು ಹೊಲ ತಾರೀಖಾಗಿ ಕೂತಿರ್ತವೆ.

ಹಳ್ಳಿ ಹುಡುಗರಿಗೆ ಮಾತ್ರ ಈ ಗತಿ ಅಂದ್ಕೋಬೇಡಿ. ಪ್ರಪಂಚದ ಜೀವವಿಜ್ಞಾನಿಗಳಿಗೂ ಇದೇ ಆಗಿದೆ. 'ಮಾರ್ಚ್ 1', 'ಸೆಪ್ಟ್ 1' ಅನ್ನೋ ಥರದ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನ ತಾರೀಖು ಮಾಡಿ ಕೆಡಿಸ್ತಾನೇ ಇತ್ತು. ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡೋ ಸಮಿತಿ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. 2020ರಲ್ಲಿ ಹೊರಬಂದ ಅವರ ಹೊಸ ಮಾರ್ಗಸೂಚಿಯಲ್ಲಿ ಈ ಕಾರಣ ಸೇರಿದೆ. ಆಗ ಸಾಫ್ಟ್‌ವೇರ್ ಬಗ್ಗಲಿಲ್ಲ, ವಿಜ್ಞಾನವೇ ಬಗ್ಗಿತು ನೋಡ್ರಿ.

ಆದ್ರೆ ಸರ್ವೆ ನಂಬರ್ ಬದಲಾಯಿಸೋಕೆ ನಮಗೆ ಬರಲ್ಲ. ಹಾಗಾಗಿ ಡೇಟಾ ಅಂಟಿಸೋ ಮೊದಲೇ ಕಾಲಮ್ಮನ್ನ ಟೆಕ್ಸ್ಟ್ ಮಾಡ್ರಿ. ಸಿಎಸ್‌ವಿ ಫೈಲನ್ನ ಡಬಲ್ ಕ್ಲಿಕ್ ಮಾಡಿ ತೆಗೀಬೇಡಿ, ಇಂಪೋರ್ಟ್ ಮಾಡ್ರಿ, ಅಲ್ಲಿ ಯಾವ ಕಾಲಮ್ ಏನು ಅಂತ ಹೇಳೋಕೆ ಅವಕಾಶ ಇರುತ್ತೆ. ಇದೇ ಕಾರಣಕ್ಕೆ ಬ್ಯಾಂಕ್ ಖಾತೆ ನಂಬರನ್ನೂ ಸಂಖ್ಯೆಯಾಗಿ ಇಡಬಾರದು. ಮುಂದಿನ ಸೊನ್ನೆಗಳು ಉದುರುತ್ತವೆ. ಎಕ್ಸೆಲ್ 15 ಅಂಕಿ ಮಾತ್ರ ನಿಖರವಾಗಿ ಹಿಡಿಯೋದು, ಅದಕ್ಕಿಂತ ಉದ್ದ ಇದ್ರೆ ಬಾಲದ ಅಂಕಿಗಳೆಲ್ಲ ಸೊನ್ನೆ ಆಗ್ತವೆ. ಸಿಂಪಲ್ ನಿಯಮ: ಯಾವುದನ್ನ ಕೂಡಿಸೋದಿಲ್ಲ, ಕಳೆಯೋದಿಲ್ಲವೋ ಅದು ಸಂಖ್ಯೆ ಅಲ್ಲ, ಅಕ್ಷರ. ಎರಡು ಸರ್ವೆ ನಂಬರ್ ಕೂಡಿಸಿ ಯಾರೂ ಏನೂ ಮಾಡಲ್ಲ.

ತಾರೀಖು ಅಂದ ಮೇಲೆ ನೆನಪಾಯ್ತು. ಬಿಜಾಪುರ ಜಿಲ್ಲೆ ಅಧಿಕೃತವಾಗಿ ವಿಜಯಪುರ ಆಗಿದ್ದು 2014ರ ರಾಜ್ಯೋತ್ಸವದ ದಿನ. ಅದನ್ನ 01/11/2014 ಅಂತ ಬರೆದ್ರೆ ನಮಗೆ ನವೆಂಬರ್ 1, ಅಮೆರಿಕದ ಪ್ರೋಗ್ರಾಮ್‌ಗೆ ಜನವರಿ 11. ಪ್ರೋಗ್ರಾಮ್‌ಗೆ ಕೊಡೋವಾಗ 2014-11-01 ಅಂತ, ವರ್ಷ ಮೊದಲು ಬರೀರಿ. ಇದು ಅಂತಾರಾಷ್ಟ್ರೀಯ ಪದ್ಧತಿ. ಜೇಸನ್‌ನಲ್ಲಿ ತಾರೀಖಿಗೆ ಅಂತ ಬೇರೆ ಜಾಗನೇ ಇಲ್ಲ, ಹೇಗಿದ್ರೂ ಸ್ಟ್ರಿಂಗ್ ಆಗೇ ಹೋಗಬೇಕು.

'ಅಗರಖೇಡ' ಎಷ್ಟು ಅಕ್ಷರ?

ಸುಲಭದ ಪ್ರಶ್ನೆ ಅನ್ಸುತ್ತೆ, ಅಲ್ವಾ? ಅ, ಗ, ರ, ಖೇ, ಡ. ಐದು. ಒಂದನೇ ಕ್ಲಾಸಿನ ಮಗು ಕೂಡ ಐದು ಅನ್ನುತ್ತೆ.

ಪೈಥಾನ್‌ನಲ್ಲಿ ಉದ್ದ ಕೇಳ್ರಿ, 6 ಅನ್ನುತ್ತೆ. ಯಾಕಂದ್ರೆ ಯೂನಿಕೋಡ್‌ನಲ್ಲಿ ಖ ಬೇರೆ, ಅದಕ್ಕೆ ಹತ್ತೋ ಏತ್ವದ ದೀರ್ಘ ಬೇರೆ. ಫೈಲ್‌ಗೆ ಬರೆದು ಅಳತೆ ನೋಡ್ರಿ, 18 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಐದು, ಆರು, ಹದಿನೆಂಟು, ಮೂರೂ ಸರಿಯೇ. ಕೇಳಿದ್ದು ಏನು ಅನ್ನೋದರ ಮೇಲೆ ಉತ್ತರ. ಫಾರಂನಲ್ಲಿ 'ಹೆಸರು 20 ಅಕ್ಷರ ಮೀರಬಾರದು' ಅಂತ ಮಿತಿ ಹಾಕೋ ಮುಂಚೆ ಇದನ್ನ ನೆನೆಸ್ಕೊಳ್ರಿ. ಎಸ್ಸೆಮ್ಮೆಸ್‌ನಲ್ಲೂ ಇದೇ ಕಥೆ: ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್‌ಗೆ 160 ಅಕ್ಷರ ಹಿಡಿಸುತ್ತೆ, ಕನ್ನಡದಲ್ಲಿ 70.

ಇನ್ನೊಂದು ಸೂಕ್ಷ್ಮ ಇದೆ. ಯೂನಿಕೋಡ್‌ನಲ್ಲಿ 'ಖೇ' ಬರೆಯೋಕೆ ಎರಡು ದಾರಿ. ಏತ್ವ ಮತ್ತು ದೀರ್ಘ ಸೇರಿಸಿದ ಒಂದೇ ಚಿಹ್ನೆ ಬಳಸಬಹುದು, ಅಥವಾ ಗಿಡ್ಡ ಏತ್ವ ಒಂದು, ಅದರ ಮುಂದೆ ದೀರ್ಘದ ಚಿಹ್ನೆ ಇನ್ನೊಂದು ಬಳಸಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ. ಆದ್ರೆ ಎರಡನೇ ದಾರಿಯಲ್ಲಿ ಬರೆದ ಅಗರಖೇಡದ ಉದ್ದ 7. 'ಈ ಎರಡೂ ಒಂದೇನಾ?' ಅಂತ ಪೈಥಾನ್‌ಗೆ ಕೇಳಿದ್ರೆ 'ಅಲ್ಲ' ಅನ್ನುತ್ತೆ. ನಿಮ್ಮ ಪಟ್ಟಿಯಲ್ಲಿ ಊರು ಕಣ್ಣೆದುರೇ ಇದೆ, ಸರ್ಚ್ ಮಾಡಿದ್ರೆ 'ಸಿಗಲಿಲ್ಲ' ಅಂತ ಬರುತ್ತೆ. ಪರಿಹಾರ ಇದೆ: ಹೋಲಿಸೋ ಮುಂಚೆ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಜ್ ಅಂತ ಫಂಕ್ಷನ್ ಇದೆ.

ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ ಇದೆ, ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯೋದು. 'ಪಾಡ್‌ಕಾಸ್ಟ್' ಅಂತ ಬರೆದಾಗ ಡ್ ಮತ್ತು ಕಾ ನಡುವೆ ಅದು ಕೂತಿರುತ್ತೆ. ಅದು ಇಲ್ಲದಿದ್ರೆ ಕಾ ಹೋಗಿ ಡಕ್ಕೆ ಒತ್ತಾಗಿ ಅಂಟುತ್ತೆ. ಈ ಚಿಹ್ನೆ ಯಾರದೋ ಹೆಸರಿನ ಕೊನೆಗೆ ಸೇರ್ಕೊಂಡ್ರೆ ಬರಿಗಣ್ಣಿಗೆ ಗೊತ್ತೇ ಆಗಲ್ಲ.

ಇಲ್ಲೇ ರೆಪ್ರ್ ಉಪಕಾರಕ್ಕೆ ಬರೋದು. ಸುಮ್ಮನೆ ಪ್ರಿಂಟ್ ಮಾಡಿದ್ರೆ ಕಾಣದ ಆ ಚಿಹ್ನೆ, ರೆಪ್ರ್ ಮೂಲಕ ಪ್ರಿಂಟ್ ಮಾಡಿದ್ರೆ ಬ್ಯಾಕ್‌ಸ್ಲ್ಯಾಶ್ ಯು 200ಸಿ ಅಂತ ಬಯಲಿಗೆ ಬರುತ್ತೆ. ಕೊನೆಗೆ ಸೇರಿದ ಖಾಲಿ ಜಾಗವೂ ಗೊತ್ತಾಗುತ್ತೆ, ಯಾಕಂದ್ರೆ ರೆಪ್ರ್ ಸುತ್ತಲೂ ಉದ್ಧರಣ ಚಿಹ್ನೆ ಹಾಕುತ್ತೆ. ಎರಡು ಥರದ 'ಖೇ' ಬೇರೆ ಮಾಡಿ ನೋಡೋಕೆ ಆಸ್ಕಿ ಅನ್ನೋ ಫಂಕ್ಷನ್ ಬಳಸ್ರಿ, ಅದು ಎಲ್ಲಾ ಕನ್ನಡ ಚಿಹ್ನೆಗಳನ್ನೂ ಸಂಕೇತ ಸಂಖ್ಯೆಯಲ್ಲಿ ತೋರಿಸುತ್ತೆ. 'ಎಲ್ಲಾ ಸರಿ ಇದೆ, ಆದ್ರೂ ಮ್ಯಾಚ್ ಆಗ್ತಿಲ್ಲ' ಅಂತ ಗೆಳೆಯರು ತಲೆ ಕೆಡಿಸ್ಕೊಂಡು ಕೂತಿದ್ರೆ ಮೊದಲು ಕೇಳ್ಬೇಕಾದ ಪ್ರಶ್ನೆ: 'ರೆಪ್ರ್ ಹಾಕಿ ನೋಡಿದ್ಯಾ?'

ಇದೇ ಜಾತಿಯ ಇನ್ನೊಂದು ಗಾಬರಿ. ಪೈಥಾನ್‌ನಿಂದ ಜೇಸನ್ ಫೈಲ್ ಬರೆದ್ರೆ 'ಅಗರಖೇಡ' ಹೋಗಿ ಬ್ಯಾಕ್‌ಸ್ಲ್ಯಾಶ್ ಯು 0ಸಿ85, ಬ್ಯಾಕ್‌ಸ್ಲ್ಯಾಶ್ ಯು 0ಸಿ97, ಹೀಗೆ ಆರು ತುಂಡು ಕಾಣಿಸ್ತವೆ. 'ನನ್ನ ಕನ್ನಡ ಕೆಟ್ಟೋಯ್ತು' ಅಂತ ಎಷ್ಟೋ ಮಂದಿ ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲೇ ಹೆಸರು ತುಂಬಿಬಿಡ್ತಾರೆ. ಕೆಟ್ಟಿಲ್ಲ ರೀ. ಅದೇ ಫೈಲನ್ನ ವಾಪಸ್ ಓದಿದ್ರೆ ಅಗರಖೇಡ ಹಾಗೇ ಬರುತ್ತೆ. ಕಣ್ಣಿಗೂ ಚಂದ ಕಾಣಬೇಕು ಅಂದ್ರೆ ಬರೆಯೋವಾಗ ಎನ್‌ಶೂರ್ ಆಸ್ಕಿ ಅನ್ನೋದನ್ನ ಫಾಲ್ಸ್ ಮಾಡ್ರಿ, ಮುಗೀತು.

ಇಂಗ್ಲಿಷ್‌ಗೆ ಹೋಗಿ ವಾಪಸ್ ಬರದ ಹೆಸರುಗಳು

ಇಂಗ್ಲಿಷ್‌ನಲ್ಲಿ ತುಂಬಿಸಿದ್ರೆ ಏನು ತೊಂದ್ರೆ ಅಂತ ಕೇಳಬಹುದು. ವಾಪಸ್ ಬರೋ ಪರೀಕ್ಷೆ ಮಾಡಿ ನೋಡ್ರಿ.

ಅಗರಖೇಡವನ್ನ ಇಂಗ್ಲಿಷ್‌ನಲ್ಲಿ ಕೆಲವರು ಎಂಟು ಅಕ್ಷರದಲ್ಲಿ ಬರೀತಾರೆ. ಆರ್ ಆದ ಮೇಲೆ ಇನ್ನೊಂದು ಎ ಸೇರಿಸೋರು ಒಂಬತ್ತು ಮಾಡ್ತಾರೆ. ಕೊನೆಗೂ ಒಂದು ಎ ಹಾಕೋರು ಇದ್ದಾರೆ. ಯಾವುದನ್ನ ತಗೊಂಡ್ರೂ, ಕೊನೆಯ ಡಿ ನೋಡಿ ಅದು ಡ ಅಂತಲೋ ದ ಅಂತಲೋ ಹೇಳೋಕೆ ಬರಲ್ಲ. ನ ಮತ್ತು ಣ ಒಂದೇ ಆಗ್ತವೆ, ಲ ಮತ್ತು ಳ ಒಂದೇ ಆಗ್ತವೆ. ವಿಜಯಪುರ ಜಿಲ್ಲೆಯಲ್ಲಿ ಊರೂರಿಗೆ ಇರೋ ಬಿರಾದಾರ ಅನ್ನೋ ಅಡ್ಡಹೆಸರನ್ನ ಇಂಗ್ಲಿಷ್‌ಗೆ ಕಳಿಸಿ ವಾಪಸ್ ಕರೆಸ್ರಿ. ಬಿರಾದಾರ, ಬಿರಾದಾರ್, ಬಿರಾದರ, ಬಿರಡಾರ್, ಯಾವ ವೇಷದಲ್ಲಾದ್ರೂ ಬರಬಹುದು. ಉತಾರದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಮನುಷ್ಯರಿಗೆ ಅವರೆಲ್ಲ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸೋ ಪ್ರೋಗ್ರಾಮ್‌ಗೆ ಮೂವರು. ಆಮೇಲೆ ಆ ಹಿರಿಯರು ಅಫಿಡವಿಟ್ ಹಿಡ್ಕೊಂಡು ಓಡಾಡ್ಬೇಕು.

ಹಾಗಾದ್ರೆ ಏನು ಮಾಡ್ಬೇಕು? ಹೆಸರನ್ನ ತೋರಿಸೋಕೆ ಇಟ್ಕೊಳ್ರಿ, ಗುರುತಿಗೆ ಬೇರೆ ಸಂಕೇತ ಇಟ್ಕೊಳ್ರಿ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಜಿಲ್ಲೆಗೆ, ತಾಲ್ಲೂಕಿಗೆ, ಹಳ್ಳಿಗೆ ಒಂದೊಂದು ಕೋಡ್ ಕೊಟ್ಟಿದೆ. ಬಿಜಾಪುರ ವಿಜಯಪುರ ಆದಾಗ ಹೆಸರನ್ನೇ ಗುರುತು ಮಾಡ್ಕೊಂಡಿದ್ದ ಪಟ್ಟಿಯಲ್ಲಿ ಒಂದೇ ಜಿಲ್ಲೆ ಎರಡಾಗಿ ಕಾಣುತ್ತೆ. ಅಲ್ಲದೆ ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಕೋಡ್ ಇಟ್ಕೊಂಡ್ರೆ ಈ ಗೊಂದಲ ಇಲ್ಲ, ತೋರಿಸೋ ಹೆಸರನ್ನ ಒಂದೇ ಕಡೆ ಬದಲಾಯಿಸಿದ್ರೆ ಸಾಕು.

ಕನ್ನಡ ಅಂಕಿಗಳ ಬಗ್ಗೆಯೂ ಒಂದು ಮಾತು. ಯಾರಾದರೂ ೨೦ ಅಂತ ಟೈಪ್ ಮಾಡಿದ್ರೆ ಪೈಥಾನ್ ಅದನ್ನ ಸಂಖ್ಯೆಯಾಗಿ ಓದುತ್ತೆ, 20 ಅಂತ ಸರಿಯಾಗಿ ತಿಳ್ಕೊಳ್ಳುತ್ತೆ. ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆನೇ ಅಲ್ಲ' ಅನ್ನುತ್ತೆ. ಕನ್ನಡದ ಫಾರಂ ಮಾಡೋರು ಇದನ್ನ ಮೊದಲೇ ಪರೀಕ್ಷಿಸಬೇಕು.

ಏನು ಬರೀಬಾರದು?

ಕೊನೇ ವಿಷಯ. ರೆಪ್ರ್ ಎಲ್ಲವನ್ನೂ ತೋರಿಸಬೇಕು ಅಂದೆ. ಎಲ್ಲ ಅಂದ್ರೆ ಎಲ್ಲ ಅಲ್ಲ. ರೈತ ಅನ್ನೋ ಕ್ಲಾಸ್‌ನಲ್ಲಿ ಆಧಾರ್ ನಂಬರ್, ಫೋನ್ ನಂಬರ್, ಬ್ಯಾಂಕ್ ಖಾತೆ ಇದ್ರೆ, ಡೇಟಾಕ್ಲಾಸ್ ತಾನಾಗಿ ಬರೆದ ರೆಪ್ರ್ ಅವೆಲ್ಲವನ್ನೂ ಲಾಗ್ ಫೈಲ್‌ಗೆ ಸುರಿಯುತ್ತೆ. ಆ ಲಾಗ್ ಫೈಲನ್ನ ನೀವು ಸಹಾಯ ಕೇಳೋಕೆ ಅಂತ ಗೆಳೆಯರ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕ್ತೀರಿ. ಊರಿನವರ ಆಧಾರ್ ನಂಬರ್ ಊರೆಲ್ಲ ಹೋಯ್ತು.

ಡೇಟಾಕ್ಲಾಸ್‌ನಲ್ಲಿ ಒಂದೊಂದು ಫೀಲ್ಡ್‌ಗೂ 'ಇದನ್ನ ರೆಪ್ರ್‌ನಲ್ಲಿ ತೋರಿಸಬೇಡ' ಅಂತ ಹೇಳೋ ಸೌಲಭ್ಯ ಇದೆ. ಅದನ್ನ ಬಳಸ್ರಿ. ತೋರಿಸಲೇಬೇಕು ಅಂದ್ರೆ ಮಾಸ್ಕ್ ಮಾಡಿದ ಆಧಾರ್‌ನಲ್ಲಿ ಇರೋ ಹಾಗೆ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸ್ರಿ. ಇಲ್ಲಿ ಆ ಸಾಲಿನಿಂದ ಆಬ್ಜೆಕ್ಟ್ ವಾಪಸ್ ಕಟ್ಟೋಕೆ ಬರಲ್ಲ. ಬರಬಾರದು ಅಂತಲೇ ಹಾಗೆ ಮಾಡೋದು.

ಇನ್ನೊಂದು ಎಚ್ಚರಿಕೆ. ರೆಪ್ರ್ ಸಾಲಿನಿಂದ ಆಬ್ಜೆಕ್ಟ್ ಕಟ್ಟಬಹುದು ಅಂದ ಮಾತ್ರಕ್ಕೆ ಹೊರಗಿನಿಂದ ಬಂದ ಸಾಲನ್ನ ಇವ್ಯಾಲ್‌ಗೆ ಕೊಟ್ಟು ಓಡಿಸಬೇಡಿ. ಅದು ಅಪರಿಚಿತರ ಕೈಗೆ ಮನೆ ಕೀಲಿ ಕೊಟ್ಟ ಹಾಗೆ, ಆ ಸಾಲಿನಲ್ಲಿ ಯಾವ ಆಜ್ಞೆ ಬೇಕಾದ್ರೂ ಇರಬಹುದು. ಬೇರೆಯವರಿಂದ ಡೇಟಾ ತಗೊಳ್ಳೋಕೆ, ಕೊಡೋಕೆ ಜೇಸನ್ ಬಳಸ್ರಿ. ರೆಪ್ರ್ ನಿಮ್ಮ ಸ್ವಂತ ಕಣ್ಣಿಗೆ.

ಇವತ್ತೇ ಮಾಡಿ ನೋಡ್ರಿ

ಲ್ಯಾಪ್‌ಟಾಪ್ ಇಲ್ಲ ಅಂತ ಸುಮ್ಮನಿರಬೇಡಿ. ಫೋನ್‌ನ ಬ್ರೌಸರ್‌ನಲ್ಲೇ ಪೈಥಾನ್ ಓಡಿಸೋ ಉಚಿತ ತಾಣಗಳಿವೆ. ಮೂರು ಕೆಲಸ ಹೇಳ್ತೀನಿ.

ಒಂದು, ನಿಮ್ಮೂರಿನ ಹೆಸರು ಟೈಪ್ ಮಾಡಿ ಅದರ ಉದ್ದ ಕೇಳ್ರಿ. ನೀವು ಬಾಯಲ್ಲಿ ಎಣಿಸಿದ್ದಕ್ಕೂ ಅದಕ್ಕೂ ಯಾಕೆ ವ್ಯತ್ಯಾಸ ಅಂತ ಹುಡುಕ್ರಿ. ಹಳ್ಳಿ ಅನ್ನೋ ಪದ ಇರೋ ಊರಾದ್ರೆ ಒತ್ತಕ್ಷರದ ಗಮ್ಮತ್ತೂ ಸಿಗುತ್ತೆ.

ಎರಡು, ಹೊಲ ಅನ್ನೋ ಡೇಟಾಕ್ಲಾಸ್ ಬರೀರಿ. ವಿಸ್ತೀರ್ಣ ಗುಂಟೆಯಲ್ಲಿ ಇರಲಿ. '2 ಎಕರೆ 20 ಗುಂಟೆ' ಅಂತ ತೋರಿಸೋ ಸ್ಟರ್ ನೀವೇ ಬರೀರಿ. 40 ಗುಂಟೆ ಕೊಟ್ಟಾಗ '1 ಎಕರೆ' ಅಂತ ಬರುತ್ತಾ, 5 ಗುಂಟೆ ಕೊಟ್ಟಾಗ '0 ಎಕರೆ' ಅಂತ ಬಾರದೆ ಬರೀ '5 ಗುಂಟೆ' ಬರುತ್ತಾ ನೋಡ್ರಿ.

ಮೂರು, ಆ ಹೊಲವನ್ನ ಜೇಸನ್ ಮಾಡಿ, ಅದೇ ಜೇಸನ್‌ನಿಂದ ಇನ್ನೊಂದು ಹೊಲ ಕಟ್ಟಿ, ಮೊದಲಿನದ್ದೂ ಇದೂ ಒಂದೇನಾ ಅಂತ ಕೇಳ್ರಿ. ಟ್ರೂ ಅಂತ ಬರಬೇಕು. ಬರಲಿಲ್ಲ ಅಂದ್ರೆ ದಾರಿಯಲ್ಲಿ ಏನೋ ಉದುರಿದೆ. ಎರಡನ್ನೂ ರೆಪ್ರ್ ಹಾಕಿ ಪಕ್ಕಪಕ್ಕ ಇಟ್ಟು ನೋಡ್ರಿ, ಸಿಕ್ಕೇ ಸಿಗುತ್ತೆ.

ಮನೆಯಲ್ಲಿ ಹಿರಿಯರ ಹತ್ರ ಉತಾರ ಇದ್ರೆ ಅದನ್ನೂ ಒಮ್ಮೆ ಇಸ್ಕೊಂಡು ಓದ್ರಿ. ಯಾವ ಕಾಲಮ್ ಸಂಖ್ಯೆ, ಯಾವುದು ಅಕ್ಷರ, ಯಾವುದರಲ್ಲಿ ಚುಕ್ಕಿ ಇದೆ, ಯಾವುದರಲ್ಲಿ ಓರೆಗೆರೆ ಇದೆ ಅಂತ ಪಟ್ಟಿ ಮಾಡ್ರಿ. 'ಇದೇನು ಓದಕತ್ತೀಯೋ ತಮ್ಮಾ?' ಅಂತ ಅವರು ಕೇಳಿದ್ರೆ ಅಳತೆಯ ಲೆಕ್ಕ ಅವರಿಂದಲೇ ಹೇಳಿಸ್ಕೊಳ್ರಿ. ಆಣೆಯ ಲೆಕ್ಕ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.